ಕ್ಯಾಟ್ ಕಿತ್ತು ಕಳಿಸುವ ಟ್ಯೂನರ್‌ಗಳಿಗೆ ಒಂದು ಬಹಿರಂಗ ಪತ್ರ

ಸ್ಪೋರ್ಟ್ಸ್ ಕಾರುಗಳನ್ನು ಮಾಡಿಫೈ ಮಾಡುವ ಗ್ಯಾರೇಜ್ ಮಾಲೀಕರಿಗೆ ಮತ್ತು ಟ್ಯೂನರ್‌ಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ನಿಮ್ಮ ಗಿರಾಕಿ. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಸ್ಪೂಲ್ ಆಗುವ (ವೇಗ ಹಿಡಿಯುವ) ಸದ್ದು ಕೇಳಿದರೆ ನನಗೂ ಕಿವಿ ನೆಟ್ಟಗಾಗುತ್ತದೆ. ಒಳ್ಳೆ ಸಸ್ಪೆನ್ಷನ್, ಗಟ್ಟಿ ಬ್ರೇಕು, ಅಚ್ಚುಕಟ್ಟಾದ ಟ್ಯೂನ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಅಂದರೆ ಸಂತೋಷದಿಂದ ದುಡ್ಡು ಬಿಚ್ಚುತ್ತೇನೆ. ಕಾರು ಅಂದರೆ ಮನೆಯಿಂದ ಆಫೀಸಿಗೆ ಹೋಗುವ ಡಬ್ಬಿ ಅಷ್ಟೇ ಅನ್ನುವವರ ಜೊತೆ ನನಗೂ ಜಗಳ ಇದೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದಿನದನ್ನು ಓದಿ "ಇವನಿಗೆ ಕಾರಿನ ಗಂಧಗಾಳಿ ಗೊತ್ತಿಲ್ಲ" ಅಂತ ನೀವು ಪತ್ರ ಮಡಚಿಡಬಾರದು.

ನನ್ನ ದೂರು ಇಷ್ಟು. ರಸ್ತೆ ಮೇಲೆ ದಿನಾ ಓಡುವ ಕಾರುಗಳಿಂದ ಹೊಗೆ ಶುದ್ಧ ಮಾಡುವ ಸಾಮಾನುಗಳನ್ನು, ಅದರಲ್ಲೂ ಕ್ಯಾಟ್ ಅನ್ನುವ ಕ್ಯಾಟಲಿಟಿಕ್ ಕನ್ವರ್ಟರನ್ನು, ನೀವು ಕಿತ್ತು ಹಾಕುತ್ತಿದ್ದೀರಿ. ಕಿತ್ತದ್ದನ್ನು ಬಿಲ್ಲಿನಲ್ಲಿ ಬರೆಯುತ್ತಿಲ್ಲ. ಯಾರಿಗೂ ಗೊತ್ತಾಗದಂತೆ ಕಾರಿನ ಕಂಪ್ಯೂಟರಿಗೂ ಸುಳ್ಳು ಹೇಳಿಕೊಡುತ್ತಿದ್ದೀರಿ. ಎಲ್ಲರೂ ಹೀಗೆ ಮಾಡುತ್ತೀರಿ ಅಂತ ನಾನು ಹೇಳುವುದಿಲ್ಲ. ಮಾಡದವರು ಮಾಡುವವರ ಬಗ್ಗೆ ಬಾಯಿ ಬಿಡುವುದಿಲ್ಲ, ಅದೂ ನನಗೆ ಬೇಸರವೇ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ಟರ್ಬೊ ಸ್ಪೋರ್ಟ್ಸ್ ಕಾರು ಕೊಂಡರು. "ಸ್ಟೇಜ್ 2 ಆಗಿದೆ, ಎಲ್ಲಾ ಪ್ರೊಫೆಷನಲ್ ಕೆಲಸ" ಅಂತ ಮಾರಿದವರು ಹೇಳಿದ್ದರು. ಸ್ಟೇಜ್ 2 ಅಂದರೆ ಟ್ಯೂನ್ ಜೊತೆ ಎಕ್ಸಾಸ್ಟ್ ಪೈಪಿನಂಥ ಪಾರ್ಟುಗಳನ್ನೂ ಬದಲಾಯಿಸಿದ್ದು. ಒಳಗೆ ಕೂತರೆ ಪೆಟ್ರೋಲ್ ವಾಸನೆ. ಬಿಸಿಲಲ್ಲಿ ನಿಲ್ಲಿಸಿದರೆ ಇನ್ನೂ ಜಾಸ್ತಿ. ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ನಾನೂ ಪಕ್ಕದಲ್ಲೇ ಇದ್ದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೊರಗಿನಿಂದ ನೋಡಿದರೆ ಕಂಪನಿಯದೇ. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ. ಡಬ್ಬಿಯನ್ನು ಕೊಯ್ದು, ಒಳಗಿನ ಜಾಲರಿಯನ್ನೆಲ್ಲ ಒಡೆದು ತೆಗೆದು, ಮತ್ತೆ ವೆಲ್ಡ್ ಮಾಡಿದ್ದರು. ವೆಲ್ಡಿನ ಗೆರೆ ಡಬ್ಬಿಯ ಮೇಲ್ಗಡೆ ಇತ್ತು, ಕೆಳಗೆ ನಿಂತು ನೋಡುವವರಿಗೆ ಕಾಣದ ಕಡೆ. ಕೈಚಳಕ ಚೆನ್ನಾಗಿತ್ತು ಅಂತ ಒಪ್ಪಲೇಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಪೆಟ್ರೋಲ್ ಆವಿ ಹಿಡಿದಿಡುವ ಚಾರ್‌ಕೋಲ್ ಕ್ಯಾನಿಸ್ಟರ್ ಇರಬೇಕಾದ ಜಾಗದಲ್ಲಿ ಖಾಲಿ ಬೋಲ್ಟಿನ ತೂತುಗಳು, ಬಾಯಿ ತೆರೆದ ಒಂದು ಪೈಪು. ವಾಸನೆ ಬರುತ್ತಿದ್ದದ್ದು ಅಲ್ಲಿಂದಲೇ. ಸೆಕೆಂಡರಿ ಏರ್ ಪಂಪ್ ಮಾಯ. ಇಂಜಿನ್ನಿನ ತಳಭಾಗದ ಕ್ರ್ಯಾಂಕ್‌ಕೇಸಿನ ಆವಿ ಇಂಜಿನ್ನಿಗೆ ವಾಪಸ್ ಹೋಗುವ ಬದಲು ರಬ್ಬರ್ ಟ್ಯೂಬಿನಲ್ಲಿ ನೇರವಾಗಿ ನೆಲದ ಕಡೆ ಹೋಗುತ್ತಿತ್ತು. ಇಷ್ಟೆಲ್ಲ ಆಗಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಇಲ್ಲ. ಸ್ಕ್ಯಾನರ್ ಹಾಕಿದರೆ ಒಂದೇ ಒಂದು ಫಾಲ್ಟ್ ಕೋಡ್ ಇಲ್ಲ. ಹಳೇ ಬಿಲ್ಲು ತೆಗೆದು ನೋಡಿದೆವು. ಅದರಲ್ಲಿ ಇದ್ದದ್ದು ಎರಡೇ ಮಾತು: ಎಕ್ಸಾಸ್ಟ್ ಕೆಲಸ, ಟ್ಯೂನ್.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. "ಪವರ್ ಬೇಕು ಅಂದರೆ ಇದೆಲ್ಲ ತೆಗೆಯಲೇಬೇಕು" ಅಂತ ನೀವು ಗಿರಾಕಿಗೆ ಹೇಳುತ್ತೀರಿ. ಒಂದೊಂದೇ ಸಾಮಾನು ತೆಗೆದುಕೊಂಡು ನೋಡೋಣ.

ಸೆಕೆಂಡರಿ ಏರ್ ಪಂಪ್ ಯಾವಾಗ ಓಡುತ್ತದೆ? ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ, ಸ್ವಲ್ಪ ಹೊತ್ತು. ಎಕ್ಸಾಸ್ಟಿಗೆ ಗಾಳಿ ಊದಿ, ಉಳಿದ ಪೆಟ್ರೋಲನ್ನು ಅಲ್ಲೇ ಉರಿಸಿ, ಕ್ಯಾಟನ್ನು ಬೇಗ ಬಿಸಿ ಮಾಡುತ್ತದೆ. ಆಮೇಲೆ ಸುಮ್ನೆ ಕೂತಿರುತ್ತದೆ. ನೀವು ಫುಲ್ ಥ್ರಾಟಲ್ ಒತ್ತುವ ಹೊತ್ತಿಗೆ ಅದರ ಕೆಲಸ ಯಾವತ್ತೋ ಮುಗಿದಿರುತ್ತದೆ. ಇಜಿಆರ್ ಇದ್ದರೆ ಅದೂ ಅಷ್ಟೇ. ಹಗುರ ಲೋಡಿನಲ್ಲಿ ಸ್ವಲ್ಪ ಸುಟ್ಟ ಗಾಳಿಯನ್ನು ವಾಪಸ್ ಕಳಿಸಿ ಉರಿಯ ಬಿಸಿ ಇಳಿಸುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಫುಲ್ ಥ್ರಾಟಲ್ ಒತ್ತಿದರೆ ಸಾಮಾನ್ಯವಾಗಿ ಅದರ ವಾಲ್ವ್ ಮುಚ್ಚಿಕೊಳ್ಳುತ್ತದೆ. ಚಾರ್‌ಕೋಲ್ ಕ್ಯಾನಿಸ್ಟರ್ ಅಂತೂ ಟ್ಯಾಂಕಿನ ಆವಿಯನ್ನು ಇದ್ದಿಲಿನಲ್ಲಿ ಹಿಡಿದಿಟ್ಟು, ಆಮೇಲೆ ಇಂಜಿನ್ನಿಗೆ ಕಳಿಸಿ ಉರಿಸುತ್ತದೆ, ಅಷ್ಟೇ. ಅದನ್ನು ಕಿತ್ತರೆ ಯಾವ ಕುದುರೆಯೂ (ಹಾರ್ಸ್‌ಪವರ್) ಹುಟ್ಟುವುದಿಲ್ಲ. ಬದಲಿಗೆ ಕಾರು ನಿಂತಲ್ಲೇ ಗಾಳಿ ಕೆಡಿಸುತ್ತದೆ. ಮೂರನ್ನೂ ಸೇರಿಸಿ ಕಿತ್ತರೆ ಸಿಗುವುದು ಕೆಲವು ಕಿಲೋ ತೂಕದ ಉಳಿತಾಯ, ಇಂಜಿನ್ ಬೇಯಲ್ಲಿ ಸ್ವಲ್ಪ ಜಾಗ. ಫೋಟೋಗೆ ಚೆನ್ನಾಗಿರುತ್ತದೆ, ಅಲ್ವಾ?

ಉಳಿದದ್ದು ಕ್ಯಾಟ್. ಇಲ್ಲಿ ನಿಮ್ಮ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಟರ್ಬೊ ಕಾರಿನಲ್ಲಿ ಟರ್ಬೈನ್ ದಾಟಿದ ಮೇಲೆ ಹೊಗೆಗೆ ತಡೆ ಕಡಿಮೆ ಆದಷ್ಟೂ ಟರ್ಬೊ ಬೇಗ ಏಳುತ್ತದೆ. ಕಂಪನಿಯ ಕಿರಿದಾದ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪು) ತೆಗೆದು ಅಗಲದ್ದು ಹಾಕಿದರೆ ಫರಕು ಗೊತ್ತಾಗುತ್ತದೆ. ಆದರೆ ಆ ಲಾಭದಲ್ಲಿ ಪೈಪಿನ ಪಾಲೆಷ್ಟು, ಟ್ಯೂನಿನ ಪಾಲೆಷ್ಟು, ಕ್ಯಾಟ್ ತೆಗೆದದ್ದರ ಪಾಲೆಷ್ಟು? ಅದನ್ನು ಬಿಡಿಸಿ ತೋರಿಸಿದ ಡೈನೊ ಶೀಟನ್ನು (ಪವರ್ ಅಳೆದ ಹಾಳೆಯನ್ನು) ನಿಮ್ಮ ಯಾವ ಗೋಡೆಯ ಮೇಲೂ ನಾನು ನೋಡಿಲ್ಲ. ಮೊದಲು ಸ್ಟಾಕ್ ಕಾರು (ಕಂಪನಿಯಿಂದ ಬಂದ ಹಾಗೇ ಇರುವುದು), ಆಮೇಲೆ ಎಲ್ಲಾ ಸೇರಿದ ಕಾರು, ನಡುವೆ ಏನೂ ಇಲ್ಲ. ಚದರ ಇಂಚಿಗೆ 400 ಅಥವಾ ಅದಕ್ಕಿಂತ ಜಾಸ್ತಿ ಕಿಂಡಿ ಇರುವ ಕಂಪನಿ ಕ್ಯಾಟ್ ಬದಲು 200 ಕಿಂಡಿಯ, ಹೊಗೆಯನ್ನು ಸಲೀಸಾಗಿ ಬಿಡುವ ಹೈ ಫ್ಲೋ ಕ್ಯಾಟ್ ಸಿಗುತ್ತದೆ. ಅದೇ ಪೈಪು, ಅದೇ ಟ್ಯೂನ್ ಇಟ್ಟುಕೊಂಡು ಒಮ್ಮೆ ಹೈ ಫ್ಲೋ ಕ್ಯಾಟ್ ಹಾಕಿ ಓಡಿಸಿ, ಒಮ್ಮೆ ಖಾಲಿ ಪೈಪ್ ಹಾಕಿ ಓಡಿಸಿ. ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ತೋರಿಸಿ. ಆಗ ಮಾತಾಡೋಣ. ಟರ್ಬೊ ಇಲ್ಲದ ಕಾರುಗಳ ಬಗ್ಗೆಯಂತೂ ಹೇಳುವುದೇ ಬೇಡ, ಅಲ್ಲಿ ಜಾಸ್ತಿ ಆಗುವುದು ಬಹುಪಾಲು ಸದ್ದು.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಮೆರಿಕದಲ್ಲಿ 1975ರ ಮಾಡೆಲ್‌ಗಳಿಂದ ಕ್ಯಾಟ್ ಬಂತು. ಆ ವರ್ಷದ ಕಾರ್ವೆಟ್ ಅನ್ನುವ ಸ್ಪೋರ್ಟ್ಸ್ ಕಾರಿನ ಬೇಸ್ ಇಂಜಿನ್ 5.7 ಲೀಟರಿನದು, ಪವರ್ ಬರೀ 165 ಕುದುರೆ. ನೋಡಿದವರು ಕ್ಯಾಟಿಗೆ ಶಾಪ ಹಾಕಿದರು. ಆದರೆ ಅದಕ್ಕೂ ಮೊದಲೇ ಕಂಪ್ರೆಷನ್ ಇಳಿಸಿಯಾಗಿತ್ತು. ಕುದುರೆ ಲೆಕ್ಕ ಹಾಕುವ ವಿಧಾನವೂ ಬದಲಾಗಿತ್ತು. ಆ ಕಾರಿನ ಕ್ಯಾಟೂ ಒರಟು, ಒಳಗೆ ಗುಂಡುಗುಂಡು ಕಾಳುಗಳನ್ನು ತುಂಬಿದ ತಟ್ಟೆಯಂಥದ್ದು. ಈಗ 2023ರ ಕಾರ್ವೆಟ್ ಜ಼ಡ್06 ನೋಡಿ. 5.5 ಲೀಟರ್, ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ, 670 ಕುದುರೆ, ಕ್ಯಾಟುಗಳ ಸಮೇತ. ಅರ್ಧ ಶತಮಾನದ ಹಿಂದಿನ ಕೋಪವನ್ನು ಇವತ್ತಿನ ಕಾರಿನ ಮೇಲೆ ತೀರಿಸಿಕೊಳ್ಳುವುದರಲ್ಲಿ ಏನು ಅರ್ಥ ಇದೆ?

ಇನ್ನು ಆ ಡಬ್ಬಿ ಏನು ಮಾಡುತ್ತದೆ ಅನ್ನುವುದು. ನಿಮಗೆ ಗೊತ್ತಿದೆ. ಆದರೆ ನಿಮ್ಮ ಗಿರಾಕಿಗೆ ಗೊತ್ತಿಲ್ಲ, ನೀವು ಹೇಳಿಲ್ಲ. ಒಳಗಿನ ಜಾಲರಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೆಳ್ಳಗೆ ಸವರಿರುತ್ತದೆ. ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಈ ಮೂರೂ ಅಲ್ಲಿ ಕಾರ್ಬನ್ ಡೈಆಕ್ಸೈಡ್, ನೀರಿನ ಆವಿ, ನೈಟ್ರೋಜನ್ ಆಗುತ್ತವೆ. ಬಿಸಿಯಾದ ಒಳ್ಳೆ ಕ್ಯಾಟ್ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಪಾಲು ಶುದ್ಧ ಮಾಡುತ್ತದೆ. ಲೆಕ್ಕ ಸುಲಭ. 95 ಪಾಲು ಶುದ್ಧವಾಗಿ 5 ಪಾಲು ಹೊರಗೆ ಬರುತ್ತಿತ್ತು ಅಂದುಕೊಳ್ಳಿ. ಕ್ಯಾಟ್ ಕಿತ್ತರೆ ನೂರಕ್ಕೆ ನೂರೂ ಹೊರಗೆ. ಇಪ್ಪತ್ತು ಪಟ್ಟು. ಅಂದರೆ ಗಿರಾಕಿ ಒಂದು ಕಾರು ತಂದ, ನೀವು ಇಪ್ಪತ್ತು ಕಾರಿನ ಹೊಗೆ ಕೊಟ್ಟು ಕಳಿಸಿದಿರಿ. ಟ್ಯೂನ್ ಸ್ವಲ್ಪ ರಿಚ್ (ಗಾಳಿಗಿಂತ ಪೆಟ್ರೋಲಿನ ಪಾಲು ಜಾಸ್ತಿ) ಇದ್ದರೆ ಕಾರ್ಬನ್ ಮೊನಾಕ್ಸೈಡ್ ಇನ್ನೂ ಜಾಸ್ತಿ.

ಈ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತದ ಹಿಮೊಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೊಯ್ದು ವೆಲ್ಡ್ ಮಾಡಿದ ಪೈಪಿನಲ್ಲಿ ಸಣ್ಣ ಬಿರುಕು ಬಿದ್ದರೆ, ಗ್ಯಾಸ್ಕೆಟ್ ಸರಿ ಕೂರದಿದ್ದರೆ, ಅದು ಕಾರಿನ ಒಳಗೂ ನುಗ್ಗಬಹುದು. ಮನೆಯ ಮುಚ್ಚಿದ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಟ್ ಇದ್ದರೂ ಹಾಗೆ ಮಾಡಬಾರದು, ಇಲ್ಲದಿದ್ದರೆ ಅಪಾಯ ಇನ್ನೂ ಬೇಗ ಬರುತ್ತದೆ. ಆ ಎಚ್ಚರಿಕೆಯನ್ನಾದರೂ ಗಿರಾಕಿಗೆ ಕೊಟ್ಟಿದ್ದೀರಾ? ನೈಟ್ರೋಜನ್ ಆಕ್ಸೈಡ್ ಮತ್ತು ಉರಿಯದ ಪೆಟ್ರೋಲ್ ಆವಿ ಬಿಸಿಲಿಗೆ ಸಿಕ್ಕಿ ಓಜೋನ್ ಆಗುತ್ತವೆ. ಲಾಸ್ ಏಂಜಲೀಸಿನ ಕಣ್ಣು ಉರಿಸುವ ಮಂಜಿಗೆ ಇದೇ ಕಾರಣ ಅಂತ ಹಾಗೆನ್-ಸ್ಮಿಟ್ ಅನ್ನುವ ವಿಜ್ಞಾನಿ 1950ರ ದಶಕದಲ್ಲೇ ತೋರಿಸಿಕೊಟ್ಟರು. ಕಾರಿನ ಹಿಂದೆ ಬೈಕಿನಲ್ಲಿ ಬರುವವನಿಗೆ, ಪಕ್ಕದಲ್ಲಿ ನಡೆದು ಹೋಗುವ ಮಗುವಿಗೆ ನಿಮ್ಮ ಡೈನೊ ಶೀಟಿನಿಂದ ಏನೂ ಸಿಗುವುದಿಲ್ಲ. ಹೊಗೆ ಮಾತ್ರ ಸಿಗುತ್ತದೆ.

"ಊರಿಗೊಂದು ಸ್ಪೋರ್ಟ್ಸ್ ಕಾರು, ಅದರಿಂದ ಏನು ಮಹಾ ಆಗುತ್ತೆ" ಅನ್ನುವ ಮಾತನ್ನೂ ಕೇಳಿದ್ದೇನೆ. ಅಮೆರಿಕದ ಡೀಸೆಲ್ ಪಿಕಪ್ ಟ್ರಕ್ಕಿನವರೂ ಇದನ್ನೇ ಹೇಳುತ್ತಿದ್ದಿರಬೇಕು. ಅಲ್ಲಿನ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಲೆಕ್ಕ ಹಾಕಿದಾಗ, ಸುಮಾರು ಹತ್ತು ವರ್ಷದಲ್ಲಿ 5,50,000ಕ್ಕೂ ಹೆಚ್ಚು ಟ್ರಕ್ಕುಗಳಿಂದ ಇಂಥ ಸಾಮಾನು ಕಿತ್ತಿರುವ ಅಂದಾಜು ಸಿಕ್ಕಿತು. ಎಲ್ಲರೂ ತಮ್ಮದು ಒಂದೇ ಗಾಡಿ ಅಂದುಕೊಂಡೇ ಕಿತ್ತದ್ದು.

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಲ್ಯಾಪ್‌ಟಾಪಿನ ಕೆಲಸಕ್ಕೆ. ಕ್ಯಾಟಿನ ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಕ್ಯಾಟ್ ಕೆಲಸ ಮಾಡುತ್ತಿದೆಯಾ ಅಂತ ನೋಡುವುದೇ ಅದರ ಮುಖ್ಯ ಕೆಲಸ. ಮಾಡದಿದ್ದರೆ ಪಿ0420 ಕೋಡ್ ಬರುತ್ತದೆ, ದೀಪ ಹತ್ತುತ್ತದೆ. ನೀವು ಏನು ಮಾಡುತ್ತೀರಿ? ಸೆನ್ಸರಿಗೆ ಸ್ಪೇಸರ್ ಹಾಕಿ ಹೊಗೆಯ ದಾರಿಯಿಂದ ಆಚೆ ಎಳೆಯುತ್ತೀರಿ. ಇಲ್ಲವೇ ಇಸಿಯು, ಅಂದರೆ ಕಾರಿನ ಕಂಪ್ಯೂಟರಿನ, ಒಳಗೆ ಹೋಗಿ ಆ ಪರೀಕ್ಷೆಯನ್ನೇ ಆಫ್ ಮಾಡುತ್ತೀರಿ. ಇನ್ನೂ ಹುಷಾರಾದವರು ಪರೀಕ್ಷೆ ಮುಗಿದಿದೆ, ಎಲ್ಲ ಸರಿ ಇದೆ ಅಂತ ಸ್ಕ್ಯಾನರಿಗೆ ತೋರುವಂತೆ ಬರೆಯುತ್ತಾರೆ. ಪರಿಚಯದವರ ಕಾರಿನಲ್ಲಿ ಆಗಿದ್ದದ್ದೂ ಇದೇ.

2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನೆನಪಿದೆಯಾ? ಕಾರು ಪರೀಕ್ಷೆಗೆ ನಿಂತಿದೆ ಅಂತ ಸಾಫ್ಟ್‌ವೇರ್ ಗುರುತು ಹಿಡಿದು, ಆಗ ಮಾತ್ರ ಹೊಗೆ ಶುದ್ಧ ಮಾಡುತ್ತಿತ್ತು. ರಸ್ತೆಗೆ ಬಂದರೆ ಕೆಲವು ಕಾರುಗಳು ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಪ್ರಪಂಚದಲ್ಲೆಲ್ಲ ಸೇರಿ ಸುಮಾರು 1.1 ಕೋಟಿ ಕಾರುಗಳು. ಆ ಸುದ್ದಿ ಬಂದಾಗ ನಮ್ಮ ಕಾರುಪ್ರೇಮಿಗಳೇ ಎಷ್ಟು ಬೈದರು! ಮೋಸಗಾರರು ಅಂದರು. ನೀವು ಒಂದೊಂದೇ ಕಾರಿಗೆ ಮಾಡುತ್ತಿರುವುದು ಅದಕ್ಕಿಂತ ಹೇಗೆ ಬೇರೆ? ಅವರ ಕಾರುಗಳು ಪರೀಕ್ಷೆಯ ಹೊತ್ತಿನಲ್ಲಾದರೂ ಶುದ್ಧ ಹೊಗೆ ಬಿಡುತ್ತಿದ್ದವು.

ಇನ್ನೊಂದು ವಿಷಯ ಕೇಳಲೇಬೇಕು. ಕಿತ್ತ ಕ್ಯಾಟ್ ಎಲ್ಲಿಗೆ ಹೋಗುತ್ತದೆ? ಅದರಲ್ಲಿರುವುದು ಚಿನ್ನದ ಸಾಲಿನಲ್ಲಿ ಕೂರುವ ಲೋಹಗಳು. ಕಳ್ಳರು ರಾತ್ರಿ ಹೊತ್ತು ನಿಂತ ಕಾರುಗಳ ಕೆಳಗೆ ನುಗ್ಗಿ ಕ್ಯಾಟ್ ಕೊಯ್ದುಕೊಂಡು ಹೋಗುವುದು ಇದಕ್ಕೇ ತಾನೆ. ನಿಮ್ಮಲ್ಲಿ ಕೆಲವರು "ಅದು ಸ್ಕ್ರ್ಯಾಪ್ ಸಾರ್, ನಾವೇ ಎಸೆದುಬಿಡ್ತೀವಿ" ಅಂತ ಗಿರಾಕಿಗೆ ಹೇಳುತ್ತಾರೆ. ಎಸೆಯುವುದಿಲ್ಲ, ಮಾರುತ್ತಾರೆ. ಕಿತ್ತದ್ದಕ್ಕೆ ಕೂಲಿ, ಕಿತ್ತ ಸಾಮಾನಿಗೆ ಬೆಲೆ, ಎರಡೂ ಗ್ಯಾರೇಜಿಗೆ. ಗಿರಾಕಿಗೆ ಉಳಿದದ್ದು ವಾಸನೆ ಮತ್ತು ಮುಂದಿನ ಇನ್‌ಸ್ಪೆಕ್ಷನ್ನಿನ ಭಯ. ಮುಂದೊಂದು ದಿನ ಅವನು ಸ್ಟಾಕ್‌ಗೆ ವಾಪಸ್ ಹೋಗಬೇಕು ಅಂದರೆ ಹೊಸ ಕ್ಯಾಟ್ ಕೊಳ್ಳಬೇಕು. ಅದರ ಬೆಲೆ ಕೇಳಿದ ಮೇಲೆ ಬಹಳಷ್ಟು ಜನ ಆ ಯೋಚನೆಯನ್ನೇ ಬಿಟ್ಟುಬಿಡುತ್ತಾರೆ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿದ ಇಂಜಿನ್ ಐಡಲ್‌ನಲ್ಲಿ ಸರಿಯಾಗಿ ಉರಿಯುವುದಿಲ್ಲ. ಉಳಿದ ಪೆಟ್ರೋಲ್ ಕ್ಯಾಟಿನಲ್ಲಿ ಉರಿದು, ಅದು ಕೆಂಪಗೆ ಕಾದು, ಒಳಗಿನ ಜಾಲರಿ ಕರಗಬಹುದು. ಕರಗಿದ ಕ್ಯಾಟ್ ದಾರಿ ಕಟ್ಟಿಕೊಂಡರೆ ಇಂಜಿನ್ನಿಗೂ ಕೇಡು. ಮಿಸ್‌ಫೈರ್ ಇರುವ ಕಾರಿನಲ್ಲೂ ಇದೇ ಕಥೆ. ಆದರೆ ಅಲ್ಲಿ ಸರಿ ಮಾಡಬೇಕಾದ್ದು ಮಿಸ್‌ಫೈರನ್ನು, ಮಿಕ್ಸ್ಚರನ್ನು, ಕ್ಯಾಮಿನ ಆಯ್ಕೆಯನ್ನು. ರಸ್ತೆಗೆ ಹೊಂದದ ಕ್ಯಾಮ್ ಹಾಕಿ, ಅದಕ್ಕೆ ಹೊಂದಲಿಲ್ಲ ಅಂತ ಕ್ಯಾಟನ್ನು ಕಿತ್ತರೆ ಕೆಲಸ ತಪ್ಪಿದ್ದು ಎಲ್ಲಿ? ಟ್ರ್ಯಾಕಿನಲ್ಲಿ ಮಾತ್ರ ಓಡುವ ಕಾರಿನ ಬಗ್ಗೆ ನನ್ನ ತಕರಾರಿಲ್ಲ. ಅದು ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗಲಿ, ಟ್ರೇಲರ್ ಮೇಲೆ ವಾಪಸ್ ಬರಲಿ. "ರೇಸ್ ಬಳಕೆಗೆ ಮಾತ್ರ" ಅಂತ ಸ್ಟಿಕ್ಕರ್ ಅಂಟಿಸಿದ ಪೈಪನ್ನು ನಂಬರ್ ಪ್ಲೇಟ್ ಇರುವ ಕಾರಿಗೆ ಹಾಕಿ, ಅದರಲ್ಲೇ ಗಿರಾಕಿಯನ್ನು ಮನೆಗೆ ಕಳಿಸುವುದು ಮಾತ್ರ ಬೇಡ.

ಕಾನೂನು ಬದ್ಧವಾಗಿ ಪವರ್ ಮಾರುವುದಕ್ಕೆ ದಾರಿ ಇಲ್ಲ ಅನ್ನಬೇಡಿ. ಕ್ಯಾಲಿಫೋರ್ನಿಯಾದ ನಿಯಮ ಎಷ್ಟು ಬಿಗಿ ಅಂತ ನಿಮಗೇ ಗೊತ್ತು. ಅಲ್ಲೂ ಆಫ್ಟರ್‌ಮಾರ್ಕೆಟ್ ಪಾರ್ಟ್ (ಕಾರು ಕಂಪನಿಯದಲ್ಲದ, ಆಮೇಲೆ ಹಾಕುವ ಸಾಮಾನು) ಮಾಡುವವರು ಪರೀಕ್ಷೆಗೆ ಕೊಟ್ಟು, ಹೊಗೆ ಜಾಸ್ತಿ ಆಗುವುದಿಲ್ಲ ಅಂತ ತೋರಿಸಿ, ಒಪ್ಪಿಗೆಯ ನಂಬರ್ ಪಡೆಯುತ್ತಾರೆ. ಸೂಪರ್‌ಚಾರ್ಜರ್ ಕಿಟ್‌ಗಳೇ ಹಾಗೆ ಪಾಸಾಗಿವೆ. ಕಷ್ಟದ ದಾರಿ, ಖರ್ಚಿನ ದಾರಿ, ನಿಜ. ಜಾಣ ಟ್ಯೂನರ್ ಯಾರು ಅಂತ ಗೊತ್ತಾಗುವುದು ಅಲ್ಲೇ. ಎಲ್ಲಾ ಕಿತ್ತು ಬಿಸಾಡಿ ಕುದುರೆ ಹೆಚ್ಚಿಸುವುದಕ್ಕೆ ಗ್ರೈಂಡರ್ ಇದ್ದರೆ ಸಾಕು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆಗಳು ಇವು. ರಸ್ತೆಗೆ ಇಳಿಯುವ ಕಾರಿನಿಂದ ಕ್ಯಾಟ್, ಕ್ಯಾನಿಸ್ಟರ್, ಏರ್ ಪಂಪ್, ಸೆನ್ಸರ್ ಯಾವುದನ್ನೂ ಕೀಳುವ ಕೆಲಸ ಹಿಡಿಯಬೇಡಿ. ಗಿರಾಕಿ ಹಟ ಹಿಡಿದರೆ ಆಗುವುದಿಲ್ಲ ಅನ್ನಿ. ಪಕ್ಕದ ಗ್ಯಾರೇಜಿಗೆ ಹೋದರೆ ಹೋಗಲಿ. ಡೌನ್‌ಪೈಪ್ ಬದಲಾಯಿಸುವುದಿದ್ದರೆ ಕ್ಯಾಟ್ ಇರುವುದನ್ನೇ ಹಾಕಿ, ಅದೂ ಒಪ್ಪಿಗೆ ಇರುವುದನ್ನು. ಹಿಂದಿನ ಸೆನ್ಸರನ್ನು ಅದರ ಜಾಗದಲ್ಲೇ ಬಿಡಿ, ಅದರ ಪರೀಕ್ಷೆಯನ್ನು ಆಫ್ ಮಾಡಬೇಡಿ. ಟ್ರ್ಯಾಕ್ ಕಾರಿನಿಂದ ಏನಾದರೂ ತೆಗೆದರೆ, ತೆಗೆದ ಪ್ರತಿಯೊಂದು ಸಾಮಾನಿನ ಹೆಸರನ್ನೂ ಬಿಲ್ಲಿನಲ್ಲಿ ಬರೆಯಿರಿ. ಇಸಿಯುನಲ್ಲಿ ಏನೇನು ಆಫ್ ಮಾಡಿದ್ದೀರಿ ಅಂತಲೂ ಬರೆಯಿರಿ. ತೆಗೆದದ್ದನ್ನು ಡಬ್ಬಿಗೆ ಹಾಕಿ ಗಿರಾಕಿಯ ಕೈಗೇ ಕೊಡಿ. ಅದು ಅವರದು.

ಈಗಾಗಲೇ ಕಿತ್ತಿರುವ ಕಾರುಗಳ ವಿಷಯ ಒಂದಿದೆ. ನಿಮ್ಮ ಹಳೇ ಬಿಲ್ಲಿನ ಪುಸ್ತಕದಲ್ಲಿ "ಎಕ್ಸಾಸ್ಟ್ ಕೆಲಸ" ಅಂತ ಬರೆದ ಕಾರುಗಳು ಯಾವುವು ಅಂತ ನಿಮಗೆ ನೆನಪಿರುತ್ತದೆ. ಆ ಮಾಲೀಕರಿಗೆ ಫೋನ್ ಮಾಡಿ. ಒಳಗೆ ಏನು ಮಾಡಿದ್ದೀರಿ ಅಂತ ಹೇಳಿ. ಕೂಲಿ ತೆಗೆದುಕೊಳ್ಳದೆ ವಾಪಸ್ ಹಾಕಿಕೊಡುತ್ತೇವೆ, ಪಾರ್ಟಿನ ಖರ್ಚು ಹಂಚಿಕೊಳ್ಳೋಣ ಅನ್ನಿ. ಎಲ್ಲರೂ ಬರುವುದಿಲ್ಲ, ಕೆಲವರಾದರೂ ಬರುತ್ತಾರೆ. ಅದರಲ್ಲೂ ಕಾರನ್ನು ಮಾರಲು ಹೊರಟವರಿಗೆ ಮೊದಲು ಹೇಳಿ. ನನ್ನ ಪರಿಚಯದವರ ಹಾಗೆ ಗೊತ್ತಿಲ್ಲದೆ ಕೊಳ್ಳುವವರಿಗೆ ಯಾರ ಹತ್ತಿರ ಕೇಳಬೇಕು ಅಂತಲೂ ತಿಳಿಯುವುದಿಲ್ಲ.

ಮಾಡಿಫೈ ಮಾಡಿದ ಕಾರು ಕೊಳ್ಳುವವರಲ್ಲೂ ಒಂದು ಮಾತು. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ ಅಂತ ಸಮಾಧಾನ ಪಡಬೇಡಿ. ಹೊಗೆಯ ಅಂಶಗಳನ್ನು ಗ್ಯಾಸ್ ಅನಲೈಸರಿನಲ್ಲಿ ಅಳೆಸಿ. ಖಾಲಿ ಡಬ್ಬಿ ಅಲ್ಲಿ ಸಿಕ್ಕಿಬೀಳುತ್ತದೆ.

ಈ ಪತ್ರಕ್ಕೆ ನಿಮ್ಮ ಉತ್ತರ ಬೇಕು. ನನ್ನ ತಾಂತ್ರಿಕ ಮಾತಿನಲ್ಲಿ ತಪ್ಪಿದೆ ಅನ್ನಿಸಿದರೆ ಮೇಲೆ ಕೇಳಿದ ಆ ಡೈನೊ ಶೀಟ್ ತೋರಿಸಿ, ಒಂದೇ ಟ್ಯೂನ್, ಒಂದೇ ಪೈಪು, ಕ್ಯಾಟ್ ಇದ್ದು ಮತ್ತು ಇಲ್ಲದೆ. ಜೊತೆಗೆ ಎರಡೂ ಸಲದ ಗ್ಯಾಸ್ ಅನಲೈಸರ್ ಪ್ರಿಂಟ್ ಇಡಿ.

ಇಂತಿ,
ನಿಮ್ಮ ಗಿರಾಕಿಗಳಲ್ಲೊಬ್ಬ